ನಾಳೆ ಯಾವ ಬೀದಿ?

ನಮ್ಮ ಊರಿನಲ್ಲಿ ಬೀದಿಗಳು ಹದಿನೇಳು, ನದಿ ಒಂದೇ. ಅದು ದಿನಕ್ಕೊಂದು ಬೀದಿಯಲ್ಲಿ ಹರಿಯುತ್ತದೆ. ಬೆಳಕು ಮೂಡುವ ಹೊತ್ತಿಗೆ ಬಂದು, ಸಂಜೆ ಹುಣಿಸೆ ತೋಪಿನ ಕಡೆಯಿಂದ ಹೊರಟುಹೋಗುತ್ತದೆ. ರಾತ್ರಿ ಎಲ್ಲಿರುತ್ತದೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಬಂದ ನೆಂಟರನ್ನು ನಿನ್ನೆ ಎಲ್ಲಿ ಮಲಗಿದ್ದಿರಿ ಎಂದು ಕೇಳುತ್ತೇವೆಯೇ? ಬರುವ ದಿನ ಗೊತ್ತಿದ್ದರೆ ಸಾಕು. ಬರುವ ಬೀದಿಯವರು ಹಿಂದಿನ ಸಂಜೆಯೇ ಮಂಚಗಳನ್ನು ಗೋಡೆಯ ಕೊಕ್ಕೆಗೆ ತೂಗುಹಾಕಿ, ಒಲೆಯನ್ನು ಅಟ್ಟಕ್ಕೆ ಸಾಗಿಸಿ, ಕೂಡಿಟ್ಟ ಕೊಳೆ ಬಟ್ಟೆಯನ್ನೆಲ್ಲ ಜಗುಲಿಗೆ ತಂದು ಸುರಿದುಕೊಂಡು ಕಾಯುತ್ತಾರೆ. ಬೇರೆ ಬೀದಿಯ ಬಂಧುಗಳನ್ನು ಕರೆಯುತ್ತಾರೆ. "ನಾಳೆ ನಮ್ಮನೇಗೆ ನದಿ ಬರ್ತದೆ, ಮಕ್ಕಳನ್ನೆಲ್ಲ ಕಟ್ಕೊಂಡು ಬಂದ್ಬಿಡಿ" ಎಂದರೆ ನಮ್ಮಲ್ಲಿ ಅದು ಊಟಕ್ಕೆ ಕರೆದ ಹಾಗೆ. ಆ ದಿನ ತುಂಬಿಟ್ಟ ನೀರು ಮುಂದಿನ ಸರದಿಯವರೆಗೆ ಬರಬೇಕು. ಸರದಿ ಹತ್ತು ದಿನಕ್ಕೂ ಬರಬಹುದು, ತಿಂಗಳಿಗೂ ಬರಬಹುದು. ಆದ್ದರಿಂದ ಪ್ರತಿ ಮನೆಯಲ್ಲೂ ಆಳೆತ್ತರದ ಮಣ್ಣಿನ ಗುಡಾಣಗಳು ಸಾಲಾಗಿ ನಿಂತಿರುತ್ತವೆ, ಮತ್ತು ಊರಿನಲ್ಲಿ ಕುಂಬಾರರಿಗೆ ಇರುವಷ್ಟು ಮರ್ಯಾದೆ ಡಾಕ್ಟರಿಗೂ ಇಲ್ಲ.

ನಾಳೆ ಯಾವ ಬೀದಿ ಎನ್ನುವುದನ್ನು ಪುರಸಭೆಯ ಮುಂದಿನ ಕರಿಹಲಗೆಯಲ್ಲಿ ದಿನವೂ ಮಧ್ಯಾಹ್ನ ನಾಲ್ಕು ಗಂಟೆಗೆ ಬರೆಯುತ್ತಾರೆ. ನೀರುಗಂಟಿಯು ಅಂದಿನ ಬೀದಿಯಲ್ಲಿ ಕೋಲು ಇಳಿಸಿ ಆಳ ನೋಡಿಕೊಂಡು ಬರುತ್ತಾನೆ. ಆ ಅಂಕಿಯನ್ನು ಪುರಸಭೆಯ ಹಳೆಯ ಕಂಪ್ಯೂಟರಿಗೆ ಹೊಡೆದರೆ, ಪಕ್ಕದ ಪ್ರಿಂಟರು ಕರಕರ ಸದ್ದು ಮಾಡುತ್ತಾ ಒಂದು ಬೀದಿಯ ಹೆಸರನ್ನು ಕಾಗದದ ಮೇಲೆ ಕೊರೆದು ಕೊಡುತ್ತದೆ. ಇಪ್ಪತ್ತೊಂದು ವರ್ಷ ಅದು ಒಂದು ದಿನವೂ ತಪ್ಪು ಹೇಳಿರಲಿಲ್ಲ. ಕಾಗದದ ತಲೆಯ ಮೇಲೆ ಅಚ್ಚಾಗುತ್ತಿದ್ದ ತಾರೀಕು ಮಾತ್ರ ಈಚೀಚೆಗೆ ಮೂರು ವಾರ ಹಳೆಯದಾಗಿರುತ್ತಿತ್ತು. "ಪುರಸಭೆ ಅಂದ್ಮೇಲೆ ಮೂರು ವಾರ ಹಿಂದೆ ಇರೋದೇ" ಎಂದು ಜನ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ನಾನು ಚಂಪಕ. ಪೇಟೆ ಬೀದಿಯಲ್ಲಿ ರೇಡಿಯೋ, ಮಿಕ್ಸಿ, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಹತ್ತೊಂಬತ್ತು ವರ್ಷವಾಯಿತು. ಸತ್ತಿದೆ ಎಂದು ತಂದುಕೊಟ್ಟ ವಸ್ತುವನ್ನು ಸತ್ತಿದೆ ಎಂದೇ ವಾಪಸು ಕೊಟ್ಟದ್ದು ತೀರ ಕಡಿಮೆ. ಜಂಬಕ್ಕೆ ಹೇಳುತ್ತಿಲ್ಲ, ಊರಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಅದಕ್ಕೇ ಆ ಸೋಮವಾರ ಹಳೆಯ ಕಂಪ್ಯೂಟರು ಸುಟ್ಟ ವಾಸನೆ ಬಿಟ್ಟು ನಿಂತುಹೋದಾಗ, ಮುಖ್ಯಾಧಿಕಾರಿ ನೀಲಕಂಠಪ್ಪನವರು ನನಗೇ ಹೇಳಿಕಳಿಸಿದರು.

ಬಿಚ್ಚಿ ನೋಡಿದೆ. ಮದರ್‌ಬೋರ್ಡು ಇದ್ದಿಲಾಗಿತ್ತು. ಆ ಕಾಲದ ಬಿಡಿಭಾಗ ಈಗ ಎಲ್ಲಿಯೂ ಸಿಗುವುದಿಲ್ಲ. ಆದರೆ ಹಾರ್ಡ್ ಡಿಸ್ಕಿಗೆ ಬೇರೆ ಕರೆಂಟು ಕೊಟ್ಟು ಕಿವಿಗಿಟ್ಟುಕೊಂಡಾಗ ಒಳಗೆ ಸಣ್ಣಗೆ ಸುತ್ತುತ್ತಿತ್ತು.

"ಏನಾದ್ರೂ ದಾರಿ ಇದೆಯೇನಮ್ಮಾ?" ನೀಲಕಂಠಪ್ಪನವರು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಾ ಕೇಳಿದರು.

"ಮಿಷಿನ್ ಹೋಗಿದೆ ಸಾರ್. ಅದರ ನೆನಪು ಹೋಗಿಲ್ಲ. ನನಗೆ ಒಂದು ವಾರ ಕೊಡಿ."

ನಾನು ಮಾಡಹೊರಟದ್ದನ್ನು ಅವರಿಗೆ ಹೇಗೆ ವಿವರಿಸಿದೆನೋ ಹಾಗೆಯೇ ಇಲ್ಲಿಯೂ ಹೇಳುತ್ತೇನೆ. ಹಳೆಯ ಪ್ರೋಗ್ರಾಂ ಹೊಸ ಕಂಪ್ಯೂಟರಿನಲ್ಲಿ ಓಡುವುದಿಲ್ಲ. ಅದಕ್ಕೆ ತನ್ನದೇ ಹಳೆಯ ಆಪರೇಟಿಂಗ್ ಸಿಸ್ಟಂ ಬೇಕು, ಆ ಸಿಸ್ಟಮ್ಮಿಗೆ ಹಳೆಯ ಮಿಷಿನ್ನೇ ಬೇಕು. ಎಮ್ಯುಲೇಟರ್ ಎಂದು ಒಂದು ಪ್ರೋಗ್ರಾಂ ಇದೆ. ಅದು ಹೊಸ ಕಂಪ್ಯೂಟರಿನೊಳಗೆ ಕೂತು ಹಳೆಯ ಮಿಷಿನ್ನಿನ ವೇಷ ಹಾಕುತ್ತದೆ. ವೇಷ ಚೆನ್ನಾಗಿದ್ದರೆ ಹಳೆಯ ಸಿಸ್ಟಂ ತಾನು ತನ್ನ ಮನೆಯಲ್ಲೇ ಇದ್ದೇನೆ ಎಂದುಕೊಂಡು ಎಂದಿನಂತೆ ಕೆಲಸ ಶುರು ಮಾಡುತ್ತದೆ.

ಆ ವಾರ ಊರು ಪಟ್ಟ ಪಾಡು ಅಷ್ಟಿಷ್ಟಲ್ಲ. ನಾಳೆ ಯಾವ ಬೀದಿ ಎಂದು ಗೊತ್ತಿಲ್ಲದೆ ಹದಿನೇಳು ಬೀದಿಯವರೂ ದಿನಾ ಸಂಜೆ ಮಂಚ ತೂಗುಹಾಕಿದರು, ದಿನಾ ಬೆಳಿಗ್ಗೆ ಇಳಿಸಿದರು. ಹೋಟೆಲಿನವರು ಕೆಳಗೆ ಒಲೆ ಹಚ್ಚಲಿಲ್ಲ. ಶಾಲೆಗೆ ರಜೆ ಕೊಟ್ಟರು. ಎಲ್ಲಕ್ಕಿಂತ ಕಷ್ಟ ಕುಂಬಾರರದು. ಗುಡಾಣ ಸುಡುವ ಅವರ ಆವಿಗೆಗೆ ಸಂಜೆ ಬೆಂಕಿ ಕೊಟ್ಟರೆ ಮಾರನೆಯ ದಿನವಿಡೀ ನಿಗಿನಿಗಿ ಅನ್ನುತ್ತಿರುತ್ತದೆ. ಅದರ ಮೇಲೆ ನದಿ ಬಂದು ಬಿದ್ದರೆ ಏನಾಗುತ್ತದೆ ಎಂದು ಯಾರಿಗೂ ಹೇಳಬೇಕಾಗಿಲ್ಲ. ಹಸಿ ಗುಡಾಣಗಳು ಒಣಗಿ ಕಾಯುತ್ತಿದ್ದವು, ಬೇಸಿಗೆ ಹತ್ತಿರವಾಗುತ್ತಿತ್ತು, ಮನೆಮನೆಗಳಲ್ಲಿ ಬಿರುಕು ಬಿಟ್ಟ ಗುಡಾಣಗಳ ಸೀಳಿಗೆ ಜನ ಬಟ್ಟೆ ತುರುಕುತ್ತಿದ್ದರು.

ಕುಂಬಾರ ಬೀದಿಯ ಸಣ್ಣೀರಮ್ಮ ದಿನಕ್ಕೆರಡು ಸಲ ನನ್ನ ಅಂಗಡಿಗೆ ಬರುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು, ಊರಿನ ಅತಿ ದೊಡ್ಡ ಆವಿಗೆ ಅವಳದು. ತಿಗರಿ ತಿರುಗಿಸುವುದು ಗಂಡ ತಿಪ್ಪಯ್ಯ, ಬೆಂಕಿಯ ಯಜಮಾನಿ ಅವಳು.

"ಎಷ್ಟಕ್ಕೆ ಬಂತು ಚಂಪಕ್ಕ?" ಹತ್ತು ವರ್ಷ ದೊಡ್ಡವಳಾದರೂ ನನ್ನನ್ನು ಅಕ್ಕ ಎಂದೇ ಕರೆಯುವುದು ಅವಳ ರೂಢಿ.

"ಸಿಸ್ಟಂ ಎದ್ದಿದೆ. ಪ್ರೋಗ್ರಾಂ ಓಡ್ತಾ ಓಡ್ತಾ ಮುಗ್ಗರಿಸ್ತದೆ."

"ಯಾಕಂತೆ?"

"ಹೊಸ ಮಿಷಿನ್ ಭಾಳ ಜೋರು. ಇದು ಒಂದು ಎಣಿಸೋದ್ರೊಳಗೆ ಅದು ಸಾವಿರ ಎಣಿಸ್ತದೆ. ಕೈ ಹಿಡಿದು ನಿಧಾನ ನಡೆಸ್ಬೇಕು."

ಅವಳು ಪರದೆಯ ಕಪ್ಪು ಕಿಟಕಿಯಲ್ಲಿ ಮಿನುಗುವ ಬಿಳಿ ಅಕ್ಷರಗಳನ್ನು ನೋಡಿ, "ಒಳಗೆ ಕುಂತು ಕಣ್ಣು ಹೊಡೀತದಲ್ಲೇ" ಎಂದು ನಕ್ಕಳು.

ವೇಗ ತಗ್ಗಿಸಿದೆ, ಮುಗ್ಗರಿಸುವುದು ನಿಂತಿತು. ಆಮೇಲೆ ಅದು ತನ್ನ ಪ್ರಿಂಟರಿಗಾಗಿ ಹಟ ಹಿಡಿದು ಕೂತಿತು. ಪ್ರಿಂಟರಿನ ಬದಲು ಒಂದು ಫೈಲನ್ನು ಮುಂದಿಟ್ಟು, ಇದೇ ನಿನ್ನ ಪ್ರಿಂಟರು ಎಂದು ನಂಬಿಸಿದೆ. ಒಂಬತ್ತನೆಯ ದಿನ ಎಲ್ಲ ಸರಿಹೋಯಿತು. ಎಮ್ಯುಲೇಟರು ಹೊಸ ಕಂಪ್ಯೂಟರಿನ ಗಡಿಯಾರ ನೋಡಿ ಅಂದಿನ ತಾರೀಕನ್ನು ತಾನಾಗಿಯೇ ಒಳಗಿನ ಹಳೆಯ ಸಿಸ್ಟಮ್ಮಿಗೆ ಕೊಟ್ಟಿತ್ತು. ಎಷ್ಟೋ ವರ್ಷಗಳ ಮೇಲೆ ಪುರಸಭೆಯ ಕಾಗದದ ಮೇಲೆ ಸರಿಯಾದ ತಾರೀಕು ಬರುತ್ತದೆ ಎಂದು ನನಗೆ ಒಳಗೊಳಗೇ ಖುಷಿ. ನೀರುಗಂಟಿ ತಂದ ಅಂಕಿ ಹೊಡೆದೆ. "ಅಕ್ಕಸಾಲಿಗರ ಬೀದಿ" ಎಂದು ಬಂತು. ನಾಲ್ಕು ಗಂಟೆಗೆ ಕರಿಹಲಗೆಯ ಮುಂದೆ ಸೇರಿದ್ದ ಜನ ಚಪ್ಪಾಳೆ ತಟ್ಟಿದರು. ನೀಲಕಂಠಪ್ಪನವರು ನನಗೆ ಶಾಲು ಹೊದಿಸಿದರು. ಸಣ್ಣೀರಮ್ಮ ಗುಂಪಿನಿಂದಲೇ ಕೂಗಿ ಕೇಳಿದಳು:

"ಹಂಗಾದ್ರೆ ಬೆಂಕಿ ಕೊಡ್ಲೇನೇ?"

"ಕೊಡು, ಕೊಡು" ಎಂದೆ, ಶಾಲು ಸರಿಮಾಡಿಕೊಳ್ಳುತ್ತಾ.

ಮರುದಿನ ಬೆಳಗಿನ ಜಾವ ನದಿ ಕುಂಬಾರ ಬೀದಿಗೆ ಬಂತು.

ಪೇಟೆ ಬೀದಿಗೂ ಕೇಳುವಂತೆ ಢಮಾರೆಂದಿತು. ನಾನು ಎದ್ದು ಓಡಿದೆ. ಬೀದಿಯ ತುದಿಯಲ್ಲಿ ಬಿಳಿ ಆವಿ ಮರದೆತ್ತರ ಎದ್ದಿತ್ತು. ಆವಿಗೆಯ ಗೋಡೆ ಸೀಳಿ, ಒಳಗಿದ್ದ ನಲವತ್ತು ಗುಡಾಣಗಳು ಚೂರುಚೂರಾಗಿ, ಕೆಂಪು ಚೂರುಗಳು ನೀರಿನಲ್ಲಿ ಚುಂಯ್ ಎನ್ನುತ್ತಾ ಕೊಚ್ಚಿಹೋಗುತ್ತಿದ್ದವು. ಉರಿಯುವ ಸೌದೆ ಹೊರಗೆಳೆಯಲು ಹೋದ ತಿಪ್ಪಯ್ಯನಿಗೆ ಬಿಸಿ ಆವಿ ಬಡಿದು ಬಲಗೈ ಮೊಣಕೈವರೆಗೆ ಬೆಂದಿತ್ತು. ತಿಗರಿ ತಿರುಗಿಸುವ ಕೈ. ಸಣ್ಣೀರಮ್ಮ ಸೊಂಟದವರೆಗೆ ನೀರಿನಲ್ಲಿ ನಿಂತು ಅವನ ಕೈಯನ್ನು ತಣ್ಣೀರಿನಲ್ಲೇ ಹಿಡಿದುಕೊಂಡಿದ್ದಳು. ನನ್ನನ್ನು ನೋಡಿದಳು. ಬೈಯಲಿಲ್ಲ. ಮುಖ ತಿರುಗಿಸಿಕೊಂಡಳು, ಅಷ್ಟೇ.

ಬೈದಿದ್ದರೆ ಚೆನ್ನಾಗಿತ್ತು.

ಅಂಗಡಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಮುಖ ತೊಳೆದು ಯೋಚಿಸಿದೆ. ಪ್ರೋಗ್ರಾಂ ಅದೇ, ಸಿಸ್ಟಂ ಅದೇ, ನೀರಿನ ಅಳತೆಯೂ ಸರಿ. ಹಾಗಾದರೆ ತಪ್ಪಿದ್ದೆಲ್ಲಿ? ಇದನ್ನು ಬರೆದವರನ್ನೇ ಕೇಳಬೇಕು ಎಂದು ಆಗ ಹೊಳೆಯಿತು. ಅದು ಒಂಬತ್ತು ದಿನದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ ಎನ್ನುವುದೇ ನನ್ನ ಮೊದಲ ತಪ್ಪು.

ಬರೆದವರು ಅಂಬುಜಾಕ್ಷಮ್ಮ, ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿದ್ದವರು. ನಾಲ್ಕು ವರ್ಷ ನೋಟ್‌ಬುಕ್ ಹಿಡಿದು ನದಿಯ ಹಿಂದೆ ಹಿಂದೆ ನಡೆದು, ಅದರ ನಡಿಗೆಯ ಲೆಕ್ಕ ಹಿಡಿದವರು. ಅವರಿಗಿಂತ ಮುಂಚೆ ಊರು ದಿನವೂ ಈಗಿನ ಹಾಗೆಯೇ ದಿಕ್ಕೆಟ್ಟು ಬದುಕುತ್ತಿತ್ತಂತೆ. ಮಂಡಿ ನೋವು ಬಂದ ಮೇಲೆ ಅವರು ನದಿ ಹತ್ತದ ಗುಡ್ಡದ ಮೇಲೆ ತಂಗಿಯ ಮನೆಯಲ್ಲಿದ್ದರು. ನಾನು ಹತ್ತಿಹೋದಾಗ ಜಗುಲಿಯಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಅಲ್ಲಿಂದ ಇಡೀ ಊರು ಕಾಣುತ್ತದೆ. ಕುಂಬಾರ ಬೀದಿಯ ಆವಿಯನ್ನೂ ನೋಡಿದ್ದರು.

ನಾನು ಬಾಯಿ ತೆರೆಯುವ ಮುಂಚೆಯೇ ಅವರು ಕೇಳಿದರು: "ತಾರೀಕು ಸರಿ ಮಾಡ್ದೆ, ಅಲ್ವಾ?"

ಹೌದೆಂದು ತಲೆಯಾಡಿಸಿದೆ.

"ಕೂತ್ಕೊ" ಎಂದರು. "ನದಿಯ ದಿನ ನಮ್ಮ ದಿನಕ್ಕಿಂತ ಚೂರು ದೊಡ್ಡದು ಕಣಮ್ಮ. ನಾಲ್ಕು ನಿಮಿಷ. ನಾಲ್ಕಕ್ಕೂ ಒಂದೆರಡು ಸೆಕೆಂಡು ಕಮ್ಮಿ. ಅದಕ್ಕೆ ನಮ್ಮ ಕ್ಯಾಲೆಂಡರ್ ಗೊತ್ತಿಲ್ಲ. ಪ್ರೋಗ್ರಾಮಲ್ಲಿ ಅದನ್ನ ಹಿಡಿಯೋಕೆ ಎಷ್ಟು ಗುದ್ದಾಡಿದರೂ ಆಗ್ಲಿಲ್ಲ. ಆಗ ಪುರಸಭೆಗೆ ಐದು ಮಿಷಿನ್ ಬಂದಿದ್ವು. ಅದರಲ್ಲಿ ಒಂದರ ಗಡಿಯಾರ ಕೆಟ್ಟಿತ್ತು. ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳೋದು. ವಾಪಸು ಕಳಿಸ್ತೀವಿ ಅಂದ್ರು. ನಾನು, ಅದೇ ಇರ್ಲಿ, ಉಳಿದ ನಾಲ್ಕನ್ನ ಯಾರಿಗಾದ್ರೂ ಕೊಡಿ ಅಂದೆ."

ದಿನಕ್ಕೆ ನಾಲ್ಕು ನಿಮಿಷ ಎಂದರೆ ವರ್ಷಕ್ಕೆ ಒಂದು ದಿನ. ಇಪ್ಪತ್ತೊಂದು ವರ್ಷಕ್ಕೆ ಇಪ್ಪತ್ತೊಂದು ದಿನ. ಊರೆಲ್ಲ ನಕ್ಕಿದ್ದ ಆ ಹಳೆಯ ತಾರೀಕು ನದಿಯ ತಾರೀಕಾಗಿತ್ತು.

"ಇದನ್ನ ಎಲ್ಲೂ ಬರೆದಿಡ್ಲಿಲ್ವಾ ಟೀಚರ್?"

"ಗಡಿಯಾರ ಮುಟ್ಟಬೇಡಿ ಅಂತ ಚೀಟಿ ಅಂಟಿಸಿದ್ದೆ. ಸುಣ್ಣ ಬಳಿಯೋರು ಕಿತ್ತುಹಾಕಿರ್ಬೇಕು. ಮೂರು ಜನ ಅಧಿಕಾರಿಗಳಿಗೆ ಬಾಯಲ್ಲಿ ಹೇಳ್ದೆ. ಮೂರು ಜನಕ್ಕೂ ವರ್ಗ ಆಯ್ತು. ನಾಲ್ಕನೆಯವ್ರು ಬಂದು ಕೇಳ್ಲಿಲ್ಲ, ನಾನೂ ಇಳಿದು ಹೋಗ್ಲಿಲ್ಲ." ಹುರುಳಿಕಾಯಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಅದು ನಂದೂ ತಪ್ಪೇ. ಮಂಡಿ ನೋವು ಅಂತ ನೆಪ ಹೇಳ್ಬಹುದು. ನಿಜವಾಗ್ಲೂ ಸಿಟ್ಟಿತ್ತು. ಈಗ ತಿಪ್ಪಯ್ಯನ ಕೈ ಹೆಂಗಿದೆ?"

"ಚರ್ಮ ಹೋಗಿದೆ. ಬೆರಳು ಆಡಿಸ್ತಾನೆ ಅಂದ್ರು ಡಾಕ್ಟರು."

ಅವರು ಒಳಗಿನಿಂದ ಒಂದು ಕಟ್ಟು ನೋಟ್‌ಬುಕ್ ತರಿಸಿಕೊಟ್ಟರು. "ನಿನ್ನ ವೇಷದ ಮಿಷಿನ್ನಿನ ಗಡಿಯಾರ ನಿಧಾನ ಮಾಡೋಕೆ ಆಗ್ತದಾ?"

"ಆಗ್ತದೆ. ಹೊರಗಿನ ಗಡಿಯಾರದ ನಂಟು ಕತ್ತರಿಸಿಬಿಡ್ತೀನಿ. ಒಳಗಿರೋದು ನಾನು ಹೇಳಿದಷ್ಟೇ ನಡೀತದೆ."

"ಹಂಗಾದ್ರೆ ಒಂದು ಮಾತು. ನಾಳೆಯದನ್ನ ಹೇಳೋಕೆ ಮುಂಚೆ ನಿನ್ನೆಯದನ್ನ ಹೇಳಿಸು."

ಇದು ನನಗೆ ಗೊತ್ತಿಲ್ಲದ ಮಾತಲ್ಲ. ರಿಪೇರಿ ಮಾಡಿದ ರೇಡಿಯೋವನ್ನು ಹತ್ತು ಸ್ಟೇಷನ್ ತಿರುಗಿಸಿ ನೋಡದೆ ನಾನು ಯಾರಿಗೂ ಕೊಟ್ಟಿಲ್ಲ. ಅಂಥವಳು ಇಡೀ ಊರಿನ ನದಿಯನ್ನು ಒಮ್ಮೆಯೂ ಪರೀಕ್ಷಿಸದೆ ಶಾಲು ಹೊದ್ದುಕೊಂಡಿದ್ದೆ.

ಹಳೆಯ ಮಿಷಿನ್ನು ಕೊನೆಯದಾಗಿ ಅಚ್ಚು ಹಾಕಿದ ಕಾಗದದ ಮೇಲೆ ಅದರ ತಾರೀಕೂ ವೇಳೆಯೂ ಇದ್ದವು. ಅಲ್ಲಿಂದ ಕಳೆದ ದಿನಗಳನ್ನು ಎಣಿಸಿ, ದಿನಕ್ಕೆ ನಾಲ್ಕು ನಿಮಿಷದಂತೆ ಕಳೆದು, ಅದು ಬದುಕಿದ್ದರೆ ಈ ಹೊತ್ತಿಗೆ ಎಷ್ಟು ತೋರಿಸುತ್ತಿತ್ತೋ ಅಷ್ಟಕ್ಕೆ ಎಮ್ಯುಲೇಟರಿನ ಗಡಿಯಾರವನ್ನು ಹೊಂದಿಸಿದೆ. ಮುಂದೆಯೂ ಅದೇ ಚಾಲಿನಲ್ಲಿ ಹಿಂದೆ ಬೀಳುವಂತೆ ಕಟ್ಟಿದೆ. ಆಮೇಲೆ ಒಂದೊಂದಕ್ಕೆ ಒಂದೊಂದು ಹಳೆಯ ದಿನ ಕೊಡಲು ಆ ವೇಷದ ಮಿಷಿನ್ನಿನ ಹತ್ತು ನಕಲು ಮಾಡಿಕೊಂಡು, ಪುರಸಭೆಯ ಹಳೆಯ ಕಾಗದಗಳ ರಾಶಿ ತರಿಸಿ ಕೂತೆ. ಕಳೆದ ವರ್ಷದ ಒಂದು ದಿನ, ಹತ್ತು ವರ್ಷದ ಹಿಂದಿನ ಒಂದು ದಿನ, ಮಳೆಗಾಲದ್ದು, ಬೇಸಿಗೆಯದ್ದು. ಅಂದಿನ ನೀರಿನ ಅಳತೆ ಕೊಟ್ಟು, ಅಂದಿನ ನದಿಯ ತಾರೀಕು ಕೊಟ್ಟು, ಬೀದಿ ಕೇಳಿದೆ. ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಇದೇ ಕೆಲಸ. ಮುನ್ನೂರು ದಿನಗಳನ್ನು ಕೇಳಿದೆ. ಮುನ್ನೂರನ್ನೂ ಸರಿ ಹೇಳಿತು. ಕೊನೆಗೆ ಆವಿಗೆ ಒಡೆದ ದಿನವನ್ನು ಕೇಳಿದೆ. ಪರದೆಯ ಮೇಲೆ ಒಂದೊಂದೇ ಅಕ್ಷರ ಮೂಡಿತು: "ಕುಂಬಾರ ಬೀದಿ."

ನಾಲ್ಕನೆಯ ದಿನ ಮಧ್ಯಾಹ್ನ ಅಂದಿನ ಅಳತೆ ಹೊಡೆದಾಗ ಬಂದದ್ದು ಪೇಟೆ ಬೀದಿ. ನನ್ನದೇ ಬೀದಿ. ಕಾಗದ ಹಿಡಿದು ಪುರಸಭೆಗೆ ಹೋದೆ.

ನೀಲಕಂಠಪ್ಪನವರು ಕುರ್ಚಿಯಿಂದ ಏಳಲಿಲ್ಲ. "ಇದನ್ನ ಹಲಗೆ ಮೇಲೆ ಹಾಕಿಸೋಕೆ ನನ್ನಿಂದ ಆಗಲ್ಲಮ್ಮ. ಇನ್ನೊಂದು ಅನಾಹುತ ಆದ್ರೆ ಜನ ನನ್ನನ್ನ ನದಿಗೇ ಎಸೀತಾರೆ."

"ನೀವು ಹಾಕಿಸ್ಬೇಡಿ ಸಾರ್. ಸೀಮೆಸುಣ್ಣ ಕೊಡಿ, ನಾನೇ ಬರೀತೀನಿ. ಕೆಳಗೆ ನನ್ನ ಹೆಸರು ಹಾಕ್ತೀನಿ. ಎಸೆಯೋದಾದ್ರೆ ನನ್ನನ್ನೇ ಎಸೀಲಿ."

ಬರೆದೆ. ನಾಳೆ ಪೇಟೆ ಬೀದಿ. ಕೆಳಗೆ ಚಂಪಕ. ಈ ಸಲ ಚಪ್ಪಾಳೆ ಇರಲಿಲ್ಲ. ಒಬ್ಬರು "ಶಾಲು ತರ್ಲಾ?" ಎಂದು ಕೊಂಕು ನುಡಿದರು. ಉಳಿದವರು ಓದಿ, ತಲೆಯಾಡಿಸಿ, ಎಂದಿನಂತೆ ಹದಿನೇಳು ಬೀದಿಗಳಲ್ಲೂ ಮಂಚ ತೂಗುಹಾಕಲು ಹೋದರು. ನಾನು ಯಾರ ಮನಸ್ಸನ್ನೂ ಬದಲಾಯಿಸಲು ಹೋಗಲಿಲ್ಲ. ನೇರ ಕುಂಬಾರ ಬೀದಿಗೆ ನಡೆದೆ.

ಆವಿಗೆಯನ್ನು ಮತ್ತೆ ಕಟ್ಟಿದ್ದರು. ಬೀದಿಯವರೆಲ್ಲ ಕೈ ಹಾಕಿ ಹಸಿ ಗುಡಾಣಗಳನ್ನು ಒಳಗೆ ಜೋಡಿಸಿ, ಮೇಲೆ ಮಣ್ಣು ಮೆತ್ತಿದ್ದರು. ಬೆಂಕಿ ಮಾತ್ರ ಕೊಟ್ಟಿರಲಿಲ್ಲ. ತಿಪ್ಪಯ್ಯ ಕೈಗೆ ಬಟ್ಟೆ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಸಣ್ಣೀರಮ್ಮ ನನ್ನನ್ನು ಕಂಡರೂ ಸೌದೆ ಒಟ್ಟುವುದನ್ನು ನಿಲ್ಲಿಸಲಿಲ್ಲ.

"ಸಣ್ಣೀರಮ್ಮ, ಅವತ್ತು ನಾನು ಪರೀಕ್ಷೆ ಮಾಡ್ದೆ ಹೇಳ್ದೆ. ಅದು ಯಂತ್ರದ ತಪ್ಪಲ್ಲ, ನಂದು. ಈಗ ಮುನ್ನೂರು ದಿನ ಕೇಳಿ ನೋಡಿದೀನಿ. ನಾಳೆ ನಿಮ್ಮ ಬೀದಿಗೆ ಬರಲ್ಲ."

"ಕೊಡು ಕೊಡು ಅಂತ ಅವತ್ತೂ ಅಂದಿದ್ದೆ."

"ಅಂದಿದ್ದೆ. ಇವತ್ತು ಕೊಡು ಅನ್ನಲ್ಲ. ಕೊಡೋದು ಬಿಡೋದು ನಿಂಗೆ ಬಿಟ್ಟಿದ್ದು. ಕೊಟ್ರೆ ಮಾತ್ರ, ಬೆಳಗಿನ ಜಾವ ಬಂದು ಈ ಬೆಂಕಿ ಬಾಯಿಯ ಮುಂದೆ ನಾನು ಕೂತಿರ್ತೀನಿ."

ಅವಳು ಗಂಡನ ಕಡೆ ನೋಡಿದಳು. ತಿಪ್ಪಯ್ಯ ಸುತ್ತಿದ ಕೈಯನ್ನು ಎತ್ತಿ ತಿರುಗಿಸಿ ನೋಡಿಕೊಂಡು, "ಊರಲ್ಲಿ ನೀರು ಇಡೋಕೆ ಪಾತ್ರೆ ಇಲ್ಲ. ಇವಳ ಮೇಲಿನ ಸಿಟ್ಟಿಗೆ ಜನ ಬಾಯಾರಬೇಕಾ?" ಎಂದ. ಸಣ್ಣೀರಮ್ಮ ಒಳಗೆ ಹೋಗಿ ಕೆಂಡ ತಂದಳು.

ಸಂಜೆ ನನ್ನ ಅಂಗಡಿಯ ಸಾಮಾನನ್ನೆಲ್ಲ ಅಟ್ಟಕ್ಕೆ ಸಾಗಿಸಿ, ಬೆಳಕು ಮೂಡುವ ಮುಂಚೆ ಕುಂಬಾರ ಬೀದಿಗೆ ಹೋದೆ. ಬೀದಿಯವರೆಲ್ಲ ಮಾಳಿಗೆಗಳ ಮೇಲೆ ನಿಂತಿದ್ದರು. ಕೆಳಗೆ ಇದ್ದದ್ದು ನಾವಿಬ್ಬರೇ. ಸಣ್ಣೀರಮ್ಮ ಆವಿಗೆಯ ಆ ಕಡೆ, ನಾನು ಈ ಕಡೆ. ಶಾಖಕ್ಕೆ ಮುಖ ಸೀಯುತ್ತಿತ್ತು. ನನಗೆ ಹೆದರಿಕೆ ಇರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ, ಆದರೂ ಇರಲಿಲ್ಲ. ಮುನ್ನೂರು ಸಲ ಕೇಳಿದ ಮೇಲೆ ಮನುಷ್ಯರಿಗೆ ಒಂದು ನೆಮ್ಮದಿ ಬರುತ್ತದೆ. ನದಿ ಬರುವ ಮುನ್ನ ನೆಲ ಸಣ್ಣಗೆ ಗುಂಯ್ ಎನ್ನುತ್ತದೆ. ಅಂಗಾಲಿಗೆ ಆ ಸದ್ದು ತಗುಲಿತು. ಮಾಳಿಗೆಯ ಮೇಲೆ ಯಾರೋ ದೇವರ ಹೆಸರು ಹೇಳಿದರು. ಸದ್ದು ಹತ್ತಿರವಾಯಿತು, ಬೀದಿಯ ಬಾಯಿಗೆ ಬಂತು, ದಾಟಿ ಮುಂದೆ ಹೋಯಿತು. ಸ್ವಲ್ಪ ಹೊತ್ತಿಗೆ ಪೇಟೆ ಬೀದಿಯ ಕಡೆಯಿಂದ ಹೆಂಗಸರ ಕೂಗು, ಮಕ್ಕಳ ಕೇಕೆ, ಬಟ್ಟೆ ಒಗೆಯುವ ಮೊದಲ ಪೆಟ್ಟು ಕೇಳಿಬಂದವು.

ಮಾಳಿಗೆಗಳ ಮೇಲಿದ್ದವರು ಒಬ್ಬೊಬ್ಬರೇ ಇಳಿದರು. ಸಣ್ಣೀರಮ್ಮ ಇನ್ನೊಂದು ಕಟ್ಟು ಸೌದೆಯನ್ನು ಬೆಂಕಿಗೆ ನೂಕಿ, "ಇನ್ನು ಎದ್ದೇಳು, ಮೈ ಸುಟ್ಕೊಂತೀಯ" ಎಂದಳು. ನದಿ ಕುಂಬಾರ ಬೀದಿಯನ್ನು ಬಳಸಿ ಹೋದ ಆ ದಿನದಿಂದ ಇಂದಿನವರೆಗೆ ಹಲಗೆಯ ಮೇಲಿನ ಹೆಸರು ತಪ್ಪಿಲ್ಲ. ಅಂಬುಜಾಕ್ಷಮ್ಮ ವಾರಕ್ಕೊಮ್ಮೆ ಆಟೋ ಮಾಡಿಕೊಂಡು ಇಳಿದು ಬಂದು, ಪರದೆಯೊಳಗಿನ ಗಡಿಯಾರವನ್ನು ತಮ್ಮ ನೋಟ್‌ಬುಕ್ಕಿನ ಜೊತೆ ತಾಳೆ ನೋಡಿ, ಕಾಫಿ ಕುಡಿದು ಹೋಗುತ್ತಾರೆ. ನೀಲಕಂಠಪ್ಪನವರಿಂದ ಒಂದು ಸುತ್ತೋಲೆ ಬರೆಸಿದ್ದೇನೆ: ಗಡಿಯಾರದ ವಿಷಯವನ್ನು ಪ್ರತಿ ಹೊಸ ಅಧಿಕಾರಿಗೂ ಅಧಿಕಾರ ವಹಿಸಿಕೊಂಡ ದಿನವೇ ಓದಿ ಹೇಳಬೇಕು.

ಅಂದು ಬೆಂಕಿ ಕೊಟ್ಟ ಆವಿಗೆ ಆರಲು ಎರಡು ದಿನ ಬೇಕಾಯಿತು. ಮೂರನೆಯ ದಿನ ಬೆಳಿಗ್ಗೆ ತೆರೆಯುವಾಗ ನಾನೂ ಹೋಗಿದ್ದೆ. ಸಣ್ಣೀರಮ್ಮ ಒಂದೊಂದೇ ಗುಡಾಣದ ಹೊಟ್ಟೆಗೆ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಗಟ್ಟಿ ಇದ್ದುದನ್ನು ಬಲಕ್ಕೆ, ಬಿರುಕಿದ್ದುದನ್ನು ಎಡಕ್ಕೆ ಇಡಿಸುತ್ತಿದ್ದಳು. ನಲವತ್ತರಲ್ಲಿ ಮೂರು ಎಡಕ್ಕೆ ಹೋದವು. ಆ ಮೂರನ್ನು ನೋಡಿ ನನ್ನ ಮುಖ ಸಪ್ಪಗಾಗಿರಬೇಕು.

"ಅದ್ಯಾಕೆ ಹಂಗೆ ನೋಡ್ತೀಯಾ?" ಎಂದಳು. "ಇವು ನದಿಯಿಂದ ಹೋಗಿದ್ದಲ್ಲ. ಮಣ್ಣು ನಾನೇ ಸರಿ ತುಳಿದಿರ್ಲಿಲ್ಲ. ಇದು ನನ್ನ ತಪ್ಪು, ಇದನ್ನೂ ನೀನು ಹೊತ್ಕೊಂಡು ಹೋಗ್ಬೇಡ." ಸೆರಗಿನಿಂದ ಕೈಯ ಬೂದಿ ಒರೆಸಿಕೊಂಡು ಬಲಗಡೆಯ ಮೊದಲ ಗುಡಾಣಕ್ಕೆ ಬಗ್ಗಿದಳು. "ಬಾ ಚಂಪಕ್ಕ, ಆ ಕಡೆ ಹಿಡಿ. ನಮ್ಮ ಯಜಮಾನ್ರ ಕೈ ಇನ್ನೂ ವಾಸಿ ಆಗಿಲ್ಲ."

ನಾನು ಆ ಕಡೆ ಹಿಡಿದೆ.